ಮೂವತ್ತು ರೂಪಾಯಿಯ ಋಣ

ದೇಶ ಸುತ್ತಬೇಕು, ಕೋಶ ಓದಬೇಕು ಎಂಬ ಗಾದೆಯನ್ನು ನಾವು ಮೂರು ದಶಕಗಳ ಕಾಲ ಕರಿಹಲಗೆಯ ಮೇಲೆ ಬರೆದು, ಮಕ್ಕಳಿಂದ ವಿಸ್ತರಿಸಿ ಬರೆಸಿದವರು. ಕೋಶ ಓದಿದ್ದುಂಟು, ದೇಶ ಸುತ್ತಿದ್ದು ಮಾತ್ರ ಅಲ್ಪ. ಆದುದರಿಂದ ನಾವು ದಂಪತಿಗಳಿಬ್ಬರೂ ಶಾಲೆಯ ಸೇವೆಯಿಂದ ನಿವೃತ್ತರಾದ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಪಶುಪತಿನಾಥನ ದರ್ಶನಕ್ಕೆಂದು ನೇಪಾಳಕ್ಕೆ ಹೊರಟೆವು. ಯಾವ ಯಾತ್ರಾ ತಂಡವನ್ನೂ ಸೇರಲಿಲ್ಲ. ನಮ್ಮ ಇಷ್ಟದಂತೆ ಇಳಿದು, ಇಷ್ಟದಂತೆ ಹತ್ತಿ, ಕಂಡವರೊಡನೆ ಮಾತನಾಡುತ್ತ ಹೋಗಬೇಕೆಂಬುದೇ ನಮ್ಮ ಆಸೆಯಾಗಿತ್ತು. “ಬಡ ದೇಶ ಅದು. ಇಬ್ಬರೇ ಹೊಂಟೀರಿ, ಯಾರನ್ನೂ ನಂಬಬ್ಯಾಡ್ರಿ” ಎಂದು ಮಗನು ದೂರವಾಣಿಯಲ್ಲಿ ಎಚ್ಚರಿಸಿದನು. ಬಟ್ಟೆಬರೆಗಿಂತ ಮೊದಲು ಆ ಎಚ್ಚರಿಕೆಯನ್ನೇ ನಾವು ಗಂಟು ಕಟ್ಟಿಕೊಂಡೆವೆಂದು ಈಗ ಅನಿಸುತ್ತದೆ.

ಗೋರಖಪುರದವರೆಗೆ ರೈಲು, ಅಲ್ಲಿಂದ ಗಡಿಯ ಸುನೌಲಿಯವರೆಗೆ ಬಸ್ಸು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಕೈಗಡಿಯಾರದ ಮುಳ್ಳನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿದರಾಯಿತು, ನೇಪಾಳದ ವೇಳೆ. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ. 1993ರಿಂದ ಈ ದರ ಬದಲಾಗಿಲ್ಲ. ಆ ವೇಳೆಗೆ 100ಕ್ಕಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ಅವಕಾಶವಿರಲಿಲ್ಲವಾದ್ದರಿಂದ ನೂರರ ನೋಟುಗಳನ್ನೇ ಒಯ್ದಿದ್ದೆವು. ಗಡಿಯ ಈಚೆಗೇ ಕೆಲವನ್ನು ಕೊಟ್ಟು ನೇಪಾಳಿ ಹಣ ಪಡೆದುಕೊಂಡೆವು.

ಅಲ್ಲಿಯೇ ಒಬ್ಬ ವೃದ್ಧನು ಸೈಕಲ್ ರಿಕ್ಷಾ ತಂದು ನಿಲ್ಲಿಸಿದನು. ಭೈರಹವಾ ಪಟ್ಟಣಕ್ಕೆ ಐವತ್ತು ರೂಪಾಯಿ ಎಂದನು, ಒಪ್ಪಿದೆವು. ನಮ್ಮಿಬ್ಬರನ್ನೂ ನಮ್ಮ ಗಂಟುಗಳನ್ನೂ ಬಿಸಿಲಿನಲ್ಲಿ ತುಳಿದುಕೊಂಡು ಹೋಗಿ ಬಸ್ ನಿಲ್ದಾಣಕ್ಕೆ ಮುಟ್ಟಿಸಿದನು. ಇಳಿದು ಐವತ್ತರ ನೇಪಾಳಿ ನೋಟು ಕೊಟ್ಟಾಗ ಅವನು ತಲೆಯಾಡಿಸಿ, “ಇದಲ್ಲ, ಭಾರತದ ಐವತ್ತು” ಎಂದು ಹಿಂದಿಯಲ್ಲಿ ಹೇಳಿದನು. ಇದೇ ಮೋಸವೆಂದು ನಾವು ನಿಶ್ಚಯಿಸಿಬಿಟ್ಟೆವು! ನೇಪಾಳದಲ್ಲಿ ನೇಪಾಳದ ರೂಪಾಯಿಯೇ ಸಲ್ಲಬೇಕೆಂದು ದನಿಯೇರಿಸಿ ವಾದಿಸಿದೆವು. ನಾಲ್ಕಾರು ಜನ ಕೂಡಿದರು. ಆತನು ಅವರನ್ನೊಮ್ಮೆ, ನಮ್ಮನ್ನೊಮ್ಮೆ ನೋಡಿ, ನೋಟನ್ನು ಮಡಿಚಿ ಕಿಸೆಗಿಟ್ಟುಕೊಂಡು, ಒಂದು ಮಾತನ್ನೂ ಆಡದೆ ರಿಕ್ಷಾ ತಿರುಗಿಸಿದನು. ಗೆದ್ದ ಸಮಾಧಾನದಿಂದ ನಾವು ಬಸ್ಸು ಹತ್ತಿದೆವು.

ಬಸ್ಸು ಬಯಲು ಸೀಮೆಯನ್ನು ದಾಟುತ್ತಿರುವಾಗ ನಮ್ಮ ಮನೆಯಾಕೆ ಕಿಟಕಿಯಿಂದ ಮುಖ ತಿರುಗಿಸಿ ಕೇಳಿದಳು: “ಅಲ್ರೀ, ನಾವು ರಿಕ್ಷಾ ಹತ್ತಿದ್ದು ಯಾವ ಕಡೆ? ನಮ್ಮ ದೇಶದಾಗ ಅಲ್ಲೇನ್ರಿ?”

ಎದೆ ಧಸಕ್ಕೆಂದಿತು. ಗಡಿಯ ಈಚೆ, ಭಾರತದ ನೆಲದ ಮೇಲೆ ನಿಂತು ಐವತ್ತು ಎಂದವನು ಯಾವ ಐವತ್ತನ್ನು ಹೇಳಿಯಾನು? ನೇಪಾಳಿ ಲೆಕ್ಕದಲ್ಲಿ ಅವನಿಗೆ ಸಲ್ಲಬೇಕಾದದ್ದು 80 ರೂಪಾಯಿ. ಮೂವತ್ತು ರೂಪಾಯಿಯನ್ನು ನಾವು ಕಸಿದುಕೊಂಡಿದ್ದೆವು. ಮೋಸವೇನೋ ನಡೆದಿತ್ತು, ಮಾಡಿದವರು ನಾವು. ಜೀವನವಿಡೀ ಮಕ್ಕಳಿಗೆ ಲೆಕ್ಕ ಕಲಿಸಿದ ನಮಗೆ ಈ ಸಣ್ಣ ಲೆಕ್ಕ ತಿಳಿಯಲಿಲ್ಲವೆಂದರೆ, ತಪ್ಪು ಬುದ್ಧಿಯದಲ್ಲ. ಅನುಮಾನವು ಬುದ್ಧಿಯ ಬಾಗಿಲನ್ನು ಮೊದಲೇ ಮುಚ್ಚಿತ್ತು.

ನಾರಾಯಣಘಾಟದಿಂದ ಮುಗ್ಲಿಂಗ್‌ವರೆಗಿನ ಸುಮಾರು 36 ಕಿಲೋಮೀಟರ್ ದಾರಿ ಒಂದು ಕಡೆ ಗುಡ್ಡ, ಒಂದು ಕಡೆ ನದಿ. ಮಳೆಗಾಲದಲ್ಲಿ ಅಲ್ಲಿ ಗುಡ್ಡ ಕುಸಿಯುವುದು ವಾಡಿಕೆ. ಅಂದೂ ಕುಸಿದಿತ್ತು. ಬಸ್ಸುಗಳ ಸಾಲು ನಿಂತಿತು, ಕತ್ತಲಾಯಿತು. ರಸ್ತೆಯ ಅಂಚಿನಲ್ಲಿ ತಗಡಿನ ಚಪ್ಪರದ ಒಂದು ಊಟದ ಅಂಗಡಿ. ಅದನ್ನು ನಡೆಸುತ್ತಿದ್ದವಳು ನಮ್ಮ ಮನೆಯಾಕೆಯ ಓರಗೆಯ ಹೆಂಗಸು. ಎಲ್ಲರೂ ಆಕೆಯನ್ನು ‘ದೀದಿ’ ಎಂದು ಕರೆಯುತ್ತಿದ್ದರು. ನಾವು ಮಾಂಸ ಮುಟ್ಟುವವರಲ್ಲವೆಂದು ತಿಳಿಸಿದಾಗ ಬೇರೆ ಪಾತ್ರೆ ತೊಳೆದು ಒಲೆಗೇರಿಸಿದಳು. ಅನ್ನ, ಬೇಳೆ, ಸೊಪ್ಪು, ಮೂಲಂಗಿಯ ಉಪ್ಪಿನಕಾಯಿ. ಬೇಳೆಯನ್ನು ಕೇಳದೆಯೇ ಮತ್ತೆ ಮತ್ತೆ ಬಡಿಸಿದಳು. ಮನೆಯಾಕೆಯ ಕಾಲು ಬಾತಿದ್ದನ್ನು ಕಂಡು ಒಳಗೆ ಚಾಪೆ ಹಾಸಿ ಮಲಗಿಸಿದಳು.

ಗೋಡೆಯ ಮೇಲೆ ಒಬ್ಬ ಯುವಕನ ಭಾವಚಿತ್ರವಿತ್ತು. ಮಗನಂತೆ. ಕತಾರದಲ್ಲಿ ಕಟ್ಟಡದ ಕೆಲಸ. ದಸರೆಗೆ ಬರುವನೆಂದು ಮೂರು ವರ್ಷಗಳಿಂದ ಕಾಯುತ್ತಿದ್ದಾಳೆ. ದಸರೆಯಲ್ಲಿ ಹಿರಿಯರು ಕಿರಿಯರ ಹಣೆಗೆ ಟೀಕಾ ಇಟ್ಟು, ಮೊಳಕೆಯ ಪೈರನ್ನು ಮುಡಿಸಿ ಹರಸುವುದು ಅಲ್ಲಿಯ ಪದ್ಧತಿ. ಹರಸಬೇಕಾದ ಹಣೆಗಳು ಗಲ್ಫ್ ದೇಶಗಳಲ್ಲಿ, ಮಲೇಷ್ಯಾದಲ್ಲಿ. ಅಂಥ ಮಕ್ಕಳು ಕಳುಹಿಸುವ ಹಣವು ಆ ದೇಶದ ಒಟ್ಟು ಉತ್ಪನ್ನದ ಐದನೆಯ ಒಂದು ಪಾಲಿಗೂ ಮಿಗಿಲು. ನಮ್ಮ ಮಗನೂ ದೂರದಲ್ಲಿಯೇ ಇರುವವನು. ಭಾಷೆ ಅರೆಬರೆಯಾಗಿದ್ದರೂ ಆ ಇಬ್ಬರು ತಾಯಂದಿರ ಮಾತಿಗೆ ಕೊರತೆಯಾಗಲಿಲ್ಲ.

ನಸುಕಿನಲ್ಲಿ ದಾರಿ ತೆರೆಯಿತು. ಎರಡು ಊಟಕ್ಕೆ 400 ಎಂದಳು. ನೇಪಾಳಿ ಚಿಲ್ಲರೆ ಸಾಲದೆ ನಾವು ಭಾರತದ ಮೂರು ನೂರರ ನೋಟು ಕೊಟ್ಟೆವು. ಬೆರಳು ಮಡಿಚಿ ಎಣಿಸಿ, 480 ಎಂದು ಹೇಳಿ, 80 ರೂಪಾಯಿಯನ್ನು ನಮ್ಮ ಕೈಗಿತ್ತಳು. ಚಹಾದ ಹಣವೆಂದರೆ, ಚಾಪೆಯ ಋಣವೆಂದರೆ, ಕೈ ಮುಗಿದು ನಕ್ಕಳು. ಅನ್ನಕ್ಕೆ ಬೆಲೆಯುಂಟು, ಅತಿಥಿಗಿತ್ತ ಆಸರೆಗೆ ಬೆಲೆಯಿಲ್ಲ ಎಂಬುದು ಆ ನಗೆಯ ಅರ್ಥ. ಅಂಗೈಯಲ್ಲಿದ್ದ 80 ರೂಪಾಯಿಯನ್ನು ನೋಡಿ ನಾವು ಒಬ್ಬರ ಮುಖವನ್ನೊಬ್ಬರು ನೋಡಿಕೊಂಡೆವು. ಅದು ಸರಿಯಾಗಿ ಆ ರಿಕ್ಷಾದ ಬಾಡಿಗೆಯಾಗಿತ್ತು.

ಕಾಠ್ಮಂಡುವಿನಲ್ಲಿ ಪಶುಪತಿನಾಥನ ದರ್ಶನವಾಯಿತು. ಅಲ್ಲಿ ಪೂಜೆಯ ಹೊಣೆ ಹೊತ್ತ ಭಟ್ಟರು ಕರ್ನಾಟಕದ ಕಡೆಯಿಂದ ಹೋದವರೆಂಬುದು ನಮಗೆ ಅಭಿಮಾನದ ಸಂಗತಿ. ಕೆಳಗೆ ಬಾಗ್ಮತಿಯ ದಡದಲ್ಲಿ ಚಿತೆಗಳು ಉರಿಯುತ್ತಿದ್ದವು. ಭಕ್ತಪುರದಲ್ಲಿ ಜಂಗಮ ಮಠವಿದೆ; ಅಲ್ಲಿಯೇ, 1702ರಲ್ಲಿ ಕಟ್ಟಿದ ಐದು ಸೂರುಗಳ ನ್ಯಾತಪೋಲ ದೇವಾಲಯ 2015ರ ಏಪ್ರಿಲ್ 25ರ ಭೂಕಂಪಕ್ಕೂ ಅಲುಗದೆ ನಿಂತಿದೆ. ಸುತ್ತಲಿನ ಎಷ್ಟೋ ಕಟ್ಟಡಗಳು ಉರುಳಿದ್ದವು. ಜನರು ಇಟ್ಟಿಗೆಗಳನ್ನು ಆಯ್ದು ಒಟ್ಟಿ, ಮತ್ತೆ ಗೋಡೆ ಎಬ್ಬಿಸುತ್ತಿದ್ದರು. ಇವೆಲ್ಲವನ್ನೂ ಕಣ್ತುಂಬ ಕಂಡೆವು. ಆದರೆ ದೇವರೆದುರು ಕೈ ಮುಗಿದು ನಿಂತಾಗ ಬೇಡುವ ಧೈರ್ಯ ಬರಲಿಲ್ಲ. ದುಡಿದವನ ಕೂಲಿಯನ್ನು ಉಳಿಸಿಕೊಂಡು ಬಂದವರು ಏನನ್ನು ಬೇಡುವುದು?

ಮರಳುವಾಗ ಭೈರಹವಾದಲ್ಲಿ ಅರ್ಧ ದಿನ ಹುಡುಕಿದೆವು. ಹೆಸರು ಕೇಳಿರಲಿಲ್ಲ, ಬಿಳಿಯ ಗಡ್ಡ, ಸವೆದ ಚಪ್ಪಲಿ ಎಂದರೆ ಅಂಥವರು ಹತ್ತು ಮಂದಿ. ರಿಕ್ಷಾದವರೊಬ್ಬರು, “ಹಬ್ಬಕ್ಕೆ ಊರಿಗೆ ಹೋಗಿರಬಹುದು” ಎಂದರು. ಹಣವನ್ನು ಅವರ ಕೈಯಲ್ಲಿಡಲು ಹೋದರೆ, “ಅವನದು ಅವನಿಗೇ ಸೇರಬೇಕು” ಎಂದು ಹಿಂದೆ ಸರಿದರು. ಅಷ್ಟು ನ್ಯಾಯ ತಿಳಿದವರ ನಡುವೆ ನಾವು ಮೋಸಗಾರರನ್ನು ಹುಡುಕಿದ್ದೆವು.

ಗೌರೀಶಂಕರವಲ್ಲ, ರುದ್ರಾಕ್ಷಿಯಲ್ಲ; ಆ ಯಾತ್ರೆಯಿಂದ ನಮ್ಮ ದೇವರ ಕೋಣೆಗೆ ಬಂದದ್ದು ಎವರೆಸ್ಟಿನ ಚಿತ್ರವುಳ್ಳ ಹತ್ತು ರೂಪಾಯಿಯ ಮೂರು ನೋಟುಗಳು. ನಮ್ಮ ಊರಿಗೆ ಪರಸ್ಥಳದ ಕೂಲಿಯವರು, ತಳ್ಳುಗಾಡಿಯವರು ಬಂದು ಲೆಕ್ಕ ಹೇಳಿದಾಗ ನಾಲಿಗೆ ಚುರುಕಾಗುವ ಮೊದಲು ಆ ನೋಟುಗಳು ನೆನಪಾಗುತ್ತವೆ. ಇನ್ನೊಮ್ಮೆ ಎಣಿಸಿ ನೋಡುತ್ತೇವೆ. ಹೊರ ದೇಶಕ್ಕೆ ಹೊರಡುವ ಬಂಧುಗಳಿಗೆ ನಾವು ಹೇಳುವ ಮಾತೂ ಅದೇ: ಎಚ್ಚರವಿರಲಿ, ಬಾಡಿಗೆ ಯಾವ ದೇಶದ ಹಣದಲ್ಲೆಂದು ಮೊದಲೇ ಕೇಳಿಕೊಳ್ಳಿರಿ. ಆದರೆ ಆ ಎಚ್ಚರವು ನಿಮ್ಮ ಮೇಲೆಯೂ ಇರಲಿ.