ಮೊದಲು ಒಂದು ಟೂತ್‌ಪೇಸ್ಟ್

ಹೊಸ ಕ್ರೆಡಿಟ್ ಕಾರ್ಡು ಕೈಗೆ ಬಂದ ಯಾರೂ ಅದರಲ್ಲಿ ನೇರವಾಗಿ ಫ್ರಿಜ್ಜು ಕೊಳ್ಳುವುದಿಲ್ಲ. ಮೊದಲು ಒಂದು ಟೂತ್‌ಪೇಸ್ಟು, ಇಲ್ಲವೇ ಒಂದು ಪ್ಯಾಕೆಟ್ಟು ರಸ್ಕು, ಹೆಚ್ಚೆಂದರೆ ಸ್ಕೂಟರಿಗೆ ಇನ್ನೂರು ರೂಪಾಯಿಯ ಪೆಟ್ರೋಲು. ಹೀಗೆ ಮಾಡಿ ಎಂದು ಯಾವ ಬ್ಯಾಂಕೂ ಹೇಳಿಕೊಟ್ಟಿಲ್ಲ. ಕಾರ್ಡಿನ ಜೊತೆ ಬರುವ, ಕನ್ನಡಕ ಹಾಕಿಕೊಂಡರೂ ಓದಲಾಗದ ಷರತ್ತುಗಳ ಪುಸ್ತಿಕೆಯಲ್ಲೂ ಇದಿಲ್ಲ. ಆದರೂ ಬಹಳ ಜನ ಮಾಡುತ್ತಾರೆ, ಮಾಡಿದ್ದನ್ನು ಯಾರಿಗೂ ಹೇಳುವುದಿಲ್ಲ. ಬಿಲ್ಲು ಹಾಕುವ ಹುಡುಗನ ಮುಂದೆ, ಆ ಹೊತ್ತಿಗೆ ತಮಗೆ ಟೂತ್‌ಪೇಸ್ಟೇ ತುರ್ತಾಗಿ ಬೇಕಾಗಿದೆ ಎನ್ನುವ ಮುಖ ಮಾಡಿಕೊಂಡು ನಿಂತಿರುತ್ತಾರೆ.

ಈ ಕೆಲಸವನ್ನು ಬಹಿರಂಗವಾಗಿ, ಹೆಮ್ಮೆಯಿಂದ ಮಾಡುವವರು ನನಗೆ ಗೊತ್ತಿರುವ ಹಾಗೆ ನಮ್ಮ ಭಾವ ಒಬ್ಬರೇ. ಮೈಸೂರಿನ ಕಾಲೇಜೊಂದರಲ್ಲಿ ಪಿಯು ಹುಡುಗರಿಗೆ ಭೌತಶಾಸ್ತ್ರ ಹೇಳಿ ನಿವೃತ್ತರಾದವರು. ಲ್ಯಾಬಿನ ಅಭ್ಯಾಸ ಮೈಯಿಂದ ಇನ್ನೂ ಹೋಗಿಲ್ಲ. ಪ್ರೆಷರ್ ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ತಂದರೂ ಮೊದಲು ಬರೀ ನೀರಿಟ್ಟು ಕೂಗಿಸುತ್ತಾರೆ. ಅವರ ಮನೆಯ ಹಳೆಯ ಫ್ರಿಜ್ಜು ದಸರಾಕ್ಕೆ ಮುಂಚೆ ಕೈಕೊಟ್ಟಿತು. ಅದೇ ಹೊತ್ತಿಗೆ ಬ್ಯಾಂಕಿನವರು ಅವರ ಎಫ್‌ಡಿಯ ಮೇಲೆ ಒಂದು ಕ್ರೆಡಿಟ್ ಕಾರ್ಡು ಕೊಟ್ಟಿದ್ದರು. ಅಕ್ಕ ಡಬಲ್ ಡೋರ್ ಫ್ರಿಜ್ಜು ನೋಡಿ ಬಂದಾಗಿತ್ತು. ಭಾವ ಮಾತ್ರ ಕಾರ್ಡಿನ ಪರೀಕ್ಷೆ ಮುಗಿಯದೆ ಅಂಗಡಿಗೆ ಕಾಲಿಡುವುದಿಲ್ಲ ಎಂದು ಕೂತರು.

ಮೊದಲ ಪರೀಕ್ಷೆ ನಡೆದದ್ದು ಊಟದ ಮೇಜಿನ ಮೇಲೆ, ಕಾರ್ಡು ಬಂದ ಲಕೋಟೆಯ ಬೆನ್ನ ಮೇಲೆ, ಪೆನ್ಸಿಲ್ಲಿನಲ್ಲಿ. ಕಾರ್ಡಿನ ಹದಿನಾರು ಅಂಕಿಗಳಲ್ಲಿ ಕೊನೆಯದು ತಾಳೆಯ ಅಂಕಿ. ಬಲಗಡೆಯಿಂದ ಎಣಿಸಿ ಒಂದು ಬಿಟ್ಟು ಒಂದನ್ನು ಎರಡರಿಂದ ಗುಣಿಸಬೇಕು. ಗುಣಲಬ್ಧ ಒಂಬತ್ತನ್ನು ಮೀರಿದರೆ ಒಂಬತ್ತು ಕಳೆಯಬೇಕು. ಎಲ್ಲವನ್ನೂ ಕೂಡಿದಾಗ ಬರುವ ಮೊತ್ತ ಹತ್ತರಿಂದ ಶೇಷವಿಲ್ಲದೆ ಭಾಗವಾಗಬೇಕು. ಐಬಿಎಂನಲ್ಲಿದ್ದ ಹಾನ್ಸ್ ಪೀಟರ್ ಲೂನ್ ಎಂಬಾತ 1954ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಲೆಕ್ಕ ಇದು. ಅಂಕಿ ಬರೆದುಕೊಳ್ಳುವವರು ಒಂದನ್ನು ತಪ್ಪಿದರೆ ತಕ್ಷಣ ತಿಳಿಯಲೆಂದು ಕಟ್ಟಿದ್ದು. ಭಾವನ ಕಾರ್ಡು ಪಾಸಾಯಿತು. "ನಂಬರ್ ಸರಿಯಾಗಿದೆ ಕಣಯ್ಯಾ" ಎಂದು ನನ್ನ ಕಡೆ ನೋಡಿ, "ಆದ್ರೆ ಇದರಿಂದ ಏನೂ ಗೊತ್ತಾಗಲ್ಲ. ಕಳ್ಳ ಕೂಡಾ ಇಂಥ ನಂಬರ್ ಬರೀಬಹುದು" ಎಂದು ತಾವೇ ಸೇರಿಸಿದರು.

ಕಾರ್ಡುಗಳ ಮೇಲಿನ ಈ ಅಪನಂಬಿಕೆ ನಮ್ಮ ಭಾವನಿಂದ ಶುರುವಾದದ್ದಲ್ಲ. ಒಂದು ಕಾಲದಲ್ಲಿ ಕಾರ್ಡುಗಳು ಮನೆ ಬಾಗಿಲಿಗೆ ಬರುವಾಗಲೇ ಪೂರ್ತಿ ಚಾಲೂ ಆಗಿರುತ್ತಿದ್ದವು. 1958ರಲ್ಲಿ ಬ್ಯಾಂಕ್ ಆಫ್ ಅಮೆರಿಕಾ ಕ್ಯಾಲಿಫೋರ್ನಿಯಾದ ಫ್ರೆಸ್ನೊ ಎಂಬ ಊರಿನಲ್ಲಿ, ಯಾರೂ ಕೇಳದೆಯೇ, ಸುಮಾರು 60,000 ಕಾರ್ಡುಗಳನ್ನು ಅಂಚೆಯಲ್ಲಿ ಹಂಚಿತು. ಅರ್ಜಿಯಿಲ್ಲ, ಪರೀಕ್ಷೆಯಿಲ್ಲ, ಲಕೋಟೆ ಒಡೆದರೆ ಸಾಲ ಸಿದ್ಧ. ಲಕೋಟೆ ಒಡೆದವರೆಲ್ಲ ವಿಳಾಸದಾರರೇ ಆಗಿರಲಿಲ್ಲ ಎಂಬುದು ಬ್ಯಾಂಕಿಗೆ ನಷ್ಟದ ಲೆಕ್ಕ ಬಂದಾಗ ತಿಳಿಯಿತು. ಹೀಗೆ ಕೇಳದೆ ಕಾರ್ಡು ಕಳಿಸುವುದನ್ನು ಅಮೆರಿಕ 1970ರಲ್ಲಿ ಕಾನೂನು ಮಾಡಿ ನಿಲ್ಲಿಸಿತು. ಅಷ್ಟರಲ್ಲಿ ಆ ಕಾರ್ಡು ಬೆಳೆದು ದೊಡ್ಡದಾಗಿತ್ತು. 1976ರಲ್ಲಿ ಅದಕ್ಕೆ ವೀಸಾ ಎಂದು ಹೆಸರಾಯಿತು.

ನಮ್ಮಲ್ಲಿ ಈಗ ಇದಕ್ಕೆ ತದ್ವಿರುದ್ಧ. ರಿಸರ್ವ್ ಬ್ಯಾಂಕು 2020ರಲ್ಲಿ ಮಾಡಿದ ನಿಯಮದ ಪ್ರಕಾರ ಹೊಸ ಕಾರ್ಡು ಬರುವಾಗ ಅದರ ಬಹುಪಾಲು ಬಾಗಿಲುಗಳು ಮುಚ್ಚಿರುತ್ತವೆ. ದೇಶದೊಳಗಿನ ಎಟಿಎಮ್ಮಿನಲ್ಲಿ, ಅಂಗಡಿಯ ಮಿಷಿನ್ನಿನಲ್ಲಿ ಕಾರ್ಡನ್ನು ತೂರಿಸಿ ಬಳಸುವುದಷ್ಟೇ ಸಾಧ್ಯ. ಆನ್‌ಲೈನ್ ಖರೀದಿ, ಮಿಷಿನ್ನಿಗೆ ತಾಗಿಸಿ ಕೊಡುವುದು, ವಿದೇಶದ ವ್ಯವಹಾರ, ಇವನ್ನೆಲ್ಲ ಕಾರ್ಡಿನವರೇ ಒಂದೊಂದಾಗಿ ತೆರೆದುಕೊಳ್ಳಬೇಕು. ಒಂದೊಂದಕ್ಕೂ ಮಿತಿಯನ್ನು ತಾವೇ ಹಾಕಿಕೊಳ್ಳಬಹುದು. ಇನ್ನು 2022ರ ನಿಯಮದಂತೆ, ಮೂವತ್ತು ದಿನವಾದರೂ ಕಾರ್ಡನ್ನು ಚಾಲೂ ಮಾಡದಿದ್ದರೆ ಬ್ಯಾಂಕು ಒಟಿಪಿ ಕಳಿಸಿ ಒಪ್ಪಿಗೆ ಕೇಳಬೇಕು. ಒಪ್ಪಿಗೆ ಸಿಗದಿದ್ದರೆ ಏಳು ಕೆಲಸದ ದಿನಗಳೊಳಗೆ, ಒಂದು ಪೈಸೆ ವಸೂಲಿ ಮಾಡದೆ, ಖಾತೆ ಮುಚ್ಚಬೇಕು. ಒಳ್ಳೆಯ ನಿಯಮಗಳೇ. ಆದರೆ ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ ಎಂದು ತಳ್ಳಿ ನೋಡದೆ ತಿಳಿಯುವುದಿಲ್ಲವಾದ್ದರಿಂದ ಟೂತ್‌ಪೇಸ್ಟಿನ ವ್ಯಾಪಾರ ಇನ್ನಷ್ಟು ಹೆಚ್ಚಿತು ಎಂದು ನನ್ನ ಊಹೆ.

ಎರಡನೆಯ ಪರೀಕ್ಷೆಗೆ ಜಾಗ ಹುಡುಕಿಕೊಂಡು ಹೊರಟಾಗ ಗೊತ್ತಾಯಿತು, ಕುವೆಂಪುನಗರದಲ್ಲಿ ಈಗ ಸಣ್ಣ ಮೊತ್ತಕ್ಕೆ ಕಾರ್ಡು ಉಜ್ಜುವುದು ಸುಲಭವಲ್ಲ ಎಂದು. ಯುಪಿಐ ಬಂದಮೇಲೆ ಸ್ವೈಪಿಂಗ್ ಮಿಷಿನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರು ಸೇರಿದೆ. ಮೆಡಿಕಲ್ ಶಾಪಿನವನು "ಚಾರ್ಜಿಗೆ ಹಾಕಿದೀನಿ ಸಾರ್, ಫೋನ್‌ಪೇ ಮಾಡ್ಬಿಡಿ" ಎಂದ. ದಿನಸಿ ಅಂಗಡಿಯವರು ಕಾರ್ಡಾದರೆ ಇನ್ನೂರು ರೂಪಾಯಿಯಾದರೂ ಆಗಬೇಕೆಂದರು. ಭಾವನ ಕಾರ್ಡು ರುಪೇ ಆದ್ದರಿಂದ ಅದನ್ನು ಫೋನಿನ ಯುಪಿಐಗೇ ಜೋಡಿಸಬಹುದಿತ್ತು. ಜೋಡಿಸಿ ಎಳನೀರಿನವನ ಕ್ಯೂಆರ್ ಸ್ಕ್ಯಾನ್ ಮಾಡಿದರು, ಹೋಗಲಿಲ್ಲ. ಆ ಕ್ಯೂಆರ್ ಅವನ ಸ್ವಂತ ಖಾತೆಯದು. ಅಂಥ ಖಾತೆಗೆ ಕ್ರೆಡಿಟ್ ಕಾರ್ಡಿನ ದುಡ್ಡು ಹೋಗುವುದಿಲ್ಲ, ವ್ಯಾಪಾರಿ ಖಾತೆಯೇ ಬೇಕು. ಎಳನೀರು ಕುಡಿದಾಗಿತ್ತು. ಚಿಲ್ಲರೆ ನಾನು ಕೊಟ್ಟೆ. ಕೊನೆಗೆ ಸೂಪರ್ ಮಾರ್ಕೆಟ್ಟಿನಲ್ಲಿ ಟೂತ್‌ಪೇಸ್ಟು, ಅದರ ಜೊತೆ ಮನೆಯಲ್ಲಿ ಆಗಲೇ ಇದ್ದ ಫಿನಾಯಿಲು, ಯಾರೂ ತಿನ್ನದ ಓಟ್ಸು.

ಬಿಲ್ಲಿನ ಹುಡುಗ ಕಾರ್ಡು ಇಸಿದುಕೊಂಡು ಮಿಷಿನ್ನಿಗೆ ತಾಗಿಸಲು ಹೋದಾಗ ಭಾವ "ತಾಗಿಸ್ಬೇಡಪ್ಪ, ತೂರಿಸು" ಎಂದು ಕೈ ಹಿಡಿದರು. ಹುಡುಗ ನನ್ನನ್ನು ನೋಡಿದ. ಭಾವನ ಲೆಕ್ಕ ಸರಿಯಾಗಿಯೇ ಇತ್ತು. 2021ರ ಜನವರಿಯಿಂದ ಐದು ಸಾವಿರ ರೂಪಾಯಿಯವರೆಗೆ ಪಿನ್ ಇಲ್ಲದೆ ತಾಗಿಸಿ ಕೊಡಬಹುದು. ಹಾಗೆ ಕೊಂಡ ಟೂತ್‌ಪೇಸ್ಟು ಪಿನ್ನಿನ ವಿಷಯದಲ್ಲಿ ಏನೂ ಹೇಳುವುದಿಲ್ಲ. ಫ್ರಿಜ್ಜಿನ ಅಂಗಡಿಯಲ್ಲಿ ಕೇಳುವುದೋ ಪಿನ್ನನ್ನೇ. ತೂರಿಸಿದಾಗ ಕಾರ್ಡಿನ ಚಿಪ್ಪು ಆ ಒಂದು ವ್ಯವಹಾರಕ್ಕೆ ಮಾತ್ರ ಸಲ್ಲುವ ಗುಪ್ತ ಸಂಕೇತವೊಂದನ್ನು ಕಟ್ಟಿಕೊಡುತ್ತದೆ. ಅದು ಅಂಗಡಿಯವರ ಬ್ಯಾಂಕಿಗೆ, ಅಲ್ಲಿಂದ ಕಾರ್ಡಿನ ಜಾಲಕ್ಕೆ, ಅಲ್ಲಿಂದ ಕಾರ್ಡು ಕೊಟ್ಟ ಬ್ಯಾಂಕಿಗೆ ಹೋಗಿ, ಉತ್ತರ ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಉತ್ತರ ಎರಡೇ ಅಂಕಿ. 00 ಬಂದರೆ ಆಯಿತು. ಚೀಟಿ ಹೊರಬಂತು. ಭಾವ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಬೆಂದಿದೆಯೇ ಎಂದು ನೋಡಲು ಅನ್ನದ ಒಂದು ಅಗುಳು ಹಿಸುಕಿದರೆ ಸಾಕು ಎನ್ನುವುದು ನಮ್ಮ ಅಡುಗೆಮನೆಯ ತರ್ಕ. ಒಂದೇ ನೀರು, ಒಂದೇ ಬೆಂಕಿ, ಆದ್ದರಿಂದ ಒಂದಕ್ಕಾದದ್ದು ಎಲ್ಲಕ್ಕೂ ಆಗಿರುತ್ತದೆ. ಕಾರ್ಡಿಗೆ ಈ ತರ್ಕ ಅರ್ಧ ಮಾತ್ರ ಹೊಂದುತ್ತದೆ. ಚಿಪ್ಪು ಚೆನ್ನಾಗಿದೆ, ಪಿನ್ನು ನೆನಪಿದೆ, ಖಾತೆ ಚಾಲೂ ಇದೆ ಎನ್ನುವಷ್ಟನ್ನು ಟೂತ್‌ಪೇಸ್ಟು ಹೇಳಬಲ್ಲದು. ನಲವತ್ತು ಸಾವಿರ ಕೇಳಿದಾಗ ಬ್ಯಾಂಕು ಏನು ಹೇಳುತ್ತದೆ ಎನ್ನುವುದು ಅದಕ್ಕೆ ಗೊತ್ತಿಲ್ಲ.

ಇಷ್ಟೇ ಆಗಿದ್ದರೆ ಪರೀಕ್ಷೆ ನಿರುಪಯುಕ್ತ, ಆದರೆ ನಿರಪಾಯ ಎಂದುಕೊಳ್ಳಬಹುದಿತ್ತು. ತೊಡಕು ಇರುವುದು ಬೇರೆ ಕಡೆ. ಕದ್ದ ಕಾರ್ಡಿನ ನಂಬರುಗಳನ್ನು ರಾಶಿಯಲ್ಲಿ ಕೊಂಡವರು ಮೊದಲು ಮಾಡುವುದೂ ಇದನ್ನೇ. ಯಾವ ನಂಬರಿಗೆ ಇನ್ನೂ ಜೀವವಿದೆ ಎಂದು ತಿಳಿಯಲು ಸಣ್ಣದೊಂದು ಮೊತ್ತ ಹಾಕಿ ನೋಡುತ್ತಾರೆ. ಹೋದರೆ ದೊಡ್ಡದಕ್ಕೆ ಕೈಹಾಕುತ್ತಾರೆ. ದಾನ ಸಂಗ್ರಹಿಸುವ ಸಂಸ್ಥೆಗಳ ಪುಟಗಳೆಂದರೆ ಅವರಿಗೆ ವಿಶೇಷ ಪ್ರೀತಿ. ದಾನಕ್ಕೆ ಎಷ್ಟು ಸಣ್ಣ ಮೊತ್ತವೂ ನಡೆಯುತ್ತದೆ, ಸಾಮಾನು ತರಿಸಿಕೊಳ್ಳಲು ವಿಳಾಸವೂ ಬೇಕಿಲ್ಲ. ಹಾಗಾಗಿ ಸಣ್ಣದರ ಬೆನ್ನಿಗೇ ದೊಡ್ಡದು ಬರುವ ನಡೆಯ ಮೇಲೆ ಬ್ಯಾಂಕಿನ ಕಂಪ್ಯೂಟರು ಕಣ್ಣಿಟ್ಟಿರುತ್ತದೆ. ಅಂಗಡಿಯಲ್ಲಿ ಚಿಪ್ಪು, ಪಿನ್ನು ಎರಡೂ ಇರುವುದರಿಂದ ಅನುಮಾನ ಕಡಿಮೆ, ಆನ್‌ಲೈನಿನಲ್ಲಿ ಹೆಚ್ಚು. ಆದರೂ ನಿವೃತ್ತ ಮೇಷ್ಟ್ರ ಎಚ್ಚರಿಕೆ, ಕಳ್ಳನ ಎಚ್ಚರಿಕೆ ಎರಡೂ ಆ ಪರದೆಯ ಮೇಲೆ ಒಂದೇ ಥರ ಕಾಣುವುದು ನನಗೆ ತಮಾಷೆಯಾಗಿಯೂ, ಸ್ವಲ್ಪ ಅವಮಾನವಾಗಿಯೂ ತೋರಿತು. ಭಾವನಿಗೆ ಹೇಳಿದೆ. "ಅವನೂ ಸೈಂಟಿಫಿಕ್ಕಾಗಿ ಯೋಚ್ನೆ ಮಾಡ್ತಾನೆ ಅಂತಾಯ್ತು" ಎಂದರು.

ನಿಜವಾಗಿ ನಾವು ಹೆದರುವುದು ದುಡ್ಡಿಗಲ್ಲ, ಗಲ್ಲಾದಲ್ಲಿ ಕೂತವರ ಒಂದು ಮಾತಿಗೆ: "ಆಗ್ತಿಲ್ಲ ಸಾರ್, ಬೇರೆ ಕಾರ್ಡ್ ಇದ್ಯಾ?" ಈ ಮಾತನ್ನು ಮೆತ್ತಗೆ ಹೇಳಿದವರನ್ನು ನಾನು ಕಂಡಿಲ್ಲ. ಮಿಷಿನ್ನಿಗೆ ಬರುವ ಉತ್ತರದಲ್ಲಿ ವ್ಯತ್ಯಾಸಗಳುಂಟು. 51 ಎಂದರೆ ಅಷ್ಟು ಹಣವಿಲ್ಲ, 55 ಎಂದರೆ ಪಿನ್ನು ತಪ್ಪು, 05 ಎಂದರೆ ಬ್ಯಾಂಕು ಒಪ್ಪುತ್ತಿಲ್ಲ, ಕಾರಣ ಹೇಳುವುದಿಲ್ಲ. ಹಿಂದೆ ಸಾಲಿನಲ್ಲಿ ನಿಂತವರ ಕಿವಿಗೆ ಎಲ್ಲವೂ 51. ಎಫ್‌ಡಿ ಇಟ್ಟು ಕಾರ್ಡು ಪಡೆದ ಮನುಷ್ಯನಿಗೆ, ಹಳೆಯ ಶಿಷ್ಯನೊಬ್ಬ ಹಿಂದೆ ನಿಂತಿರಬಹುದಾದ ಊರಿನಲ್ಲಿ, ಅದು ಸಣ್ಣ ಸಂಗತಿಯಲ್ಲ.

ಸಂಜೆ ದೇವರಾಜ ಅರಸು ರಸ್ತೆಯ ಅಂಗಡಿಗೆ ಮೂವರೂ ಹೋದೆವು. ಭಾವ ಆಪಿನಲ್ಲಿ ಮಿತಿಗಳನ್ನೆಲ್ಲ ಮತ್ತೊಮ್ಮೆ ನೋಡಿ, ಕಾರ್ಡು ಕೈಯಲ್ಲಿ ಹಿಡಿದು, ಬಿಲ್ಲು ಬರೆಯಿರಿ ಎಂದರು. ಅಕ್ಕ ಅಷ್ಟು ಹೊತ್ತೂ ಫ್ರಿಜ್ಜಿನ ತರಕಾರಿ ಡಬ್ಬ ಎಳೆದು ತಳ್ಳಿ ನೋಡುತ್ತಿದ್ದವಳು, ಅಲ್ಲಿಂದಲೇ ಕೇಳಿದಳು, "ರೀ, ಈ ಕಾರ್ಡಿನ ಬಿಲ್ಲು ಯಾವತ್ತು ಬರತ್ತೆ?"

ಭಾವ ಆಪಿನಲ್ಲಿ ಹುಡುಕಿ, ಹದಿನೆಂಟು ಎಂದರು.

"ಇವತ್ತು ಹದಿನೇಳು. ಇವತ್ತು ತಗೊಂಡ್ರೆ ನಾಳೆ ಬಿಲ್ಲಿಗೇ ಸೇರತ್ತೆ, ಇಪ್ಪತ್ತು ದಿನಕ್ಕೆಲ್ಲಾ ಕಟ್ಬೇಕು. ನಾಡಿದ್ದು ತಗೊಂಡ್ರೆ ಹತ್ರ ಹತ್ರ ಐವತ್ತು ದಿನ ಸಿಗತ್ತೆ. ಅಷ್ಟರಲ್ಲಿ ಇನ್ನೊಂದು ಪೆನ್ಶನ್ ಬರತ್ತೆ." ಎಷ್ಟೆಂದರೂ ಇದು ಸಾಲ, ಪ್ರಯೋಗದ ಸಾಮಾನಲ್ಲ ಎಂಬುದು ಅವಳೊಬ್ಬಳಿಗೇ ನೆನಪಿತ್ತು.

ಅಂಗಡಿಯ ಹುಡುಗ ಗಾಬರಿಯಾಗಿ, "ಮೇಡಂ, ಆಫರ್ ಇವತ್ತೇ ಲಾಸ್ಟು" ಎಂದ.

"ಹೋದ ವಾರಾನೂ ಇವತ್ತೇ ಲಾಸ್ಟು ಅಂದ್ಯಲ್ಲಪ್ಪ" ಎಂದು ಅಕ್ಕ ಡಬ್ಬ ಒಳಗೆ ತಳ್ಳಿ ಬಾಗಿಲು ಮುಚ್ಚಿದಳು.