ನಗುವೂ ಅನುಮೋದನೆಯೇ?

ಪಾಪಕಾರ್ಯವನ್ನು ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದವರನ್ನು ಮೆಚ್ಚುವುದು – ಕೃತ, ಕಾರಿತ, ಅನುಮೋದನೆಗಳೆಂಬ ಈ ಮೂರನ್ನೂ ನಮ್ಮ ಆಚಾರ್ಯರು ದೋಷವೆಂದೇ ಎಣಿಸಿದ್ದಾರೆ. ಹಾಗಾದರೆ ತೆರೆಯ ಮೇಲಿನ ಅಪರಾಧವನ್ನು ಕಂಡು ನಗುವುದು ಅನುಮೋದನೆಯೇ? ಭದ್ರಾವತಿಯ ಮಿತ್ರರೊಬ್ಬರ ಮನೆಯಲ್ಲಿ ನಾವು ಕೆಲವರು ಒಂದು ತಮಿಳು ಚಲನಚಿತ್ರವನ್ನು ನೋಡಿದಾಗ ಎದ್ದ ಪ್ರಶ್ನೆಯಿದು.

ಚಿತ್ರ, 2018ರಲ್ಲಿ ತೆರೆಕಂಡ ನೆಲ್ಸನ್ ನಿರ್ದೇಶನದ ‘ಕೋಲಮಾವು ಕೋಕಿಲಾ’. ‘ಕೋಲಮಾವು’ ಎಂದರೆ ರಂಗೋಲಿ ಹಿಟ್ಟು. ತಾಯಿಯ ಕ್ಯಾನ್ಸರ್ ಚಿಕಿತ್ಸೆಗೆ ಹಣವಿಲ್ಲದ ಹೆಣ್ಣುಮಗಳೊಬ್ಬಳು ಕೊಕೇನ್ ಸಾಗಣೆಗೆ ಇಳಿಯುವ ಕಥೆ. ಆದರೆ ಹೇಳಿರುವುದು ಹಾಸ್ಯದ ಧಾಟಿಯಲ್ಲಿ. ನಾಯಕಿ ನಯನತಾರಾ ಅವರ ಸಂಯಮದ ಅಭಿನಯವನ್ನೂ ಚಿತ್ರದ ಕರಾಳ ಹಾಸ್ಯವನ್ನೂ ವಿಮರ್ಶಕರು ಮೆಚ್ಚಿದರು. 2022ರಲ್ಲಿ ಇದೇ ಕಥೆ ಪಂಜಾಬಿನ ಹಿನ್ನೆಲೆಯಲ್ಲಿ ‘ಗುಡ್ ಲಕ್ ಜೆರ್ರಿ’ ಎಂಬ ಹಿಂದಿ ಚಿತ್ರವಾಯಿತು.

ನಮ್ಮ ಗೋಷ್ಠಿಯಲ್ಲಿ ಮೆಚ್ಚುಗೆ ಅಷ್ಟು ಸುಲಭವಾಗಿರಲಿಲ್ಲ. ಇಂತಹ ಚಿತ್ರವನ್ನು ಮನೆಯೊಳಗೆ ತರಲೇಬಾರದೆಂದು ಮಿತ್ರರು ಖಂಡಿಸಿದರು. ಶಿವಮೊಗ್ಗದ ಕಾಲೇಜಿನಲ್ಲಿ ಓದುವ ಅವರ ಮೊಮ್ಮಗ, “ಕಥೆ ಬೇರೆ, ಉಪದೇಶ ಬೇರೆ ತಾತ” ಎಂದ. ಕಾಗದ ಕಾರ್ಖಾನೆಯ ನಿವೃತ್ತ ಕಾರ್ಮಿಕರೊಬ್ಬರ ಪತ್ನಿ, ನೆರೆಮನೆಯ ತಮಿಳು ತಾಯಿ, ಮೆಲ್ಲನೆ ಹೇಳಿದರು: “ಸಾಗಿಸುವವಳ ಮನೆ ನೋಡಿದೆವು. ಅದನ್ನು ಸೇವಿಸುವವರ ಮನೆ ನೋಡಿದ್ದರೆ ನಗು ಬರುತ್ತಿತ್ತೇ?”

ಆ ಮಾತು ಮರ್ಮವನ್ನು ಮುಟ್ಟಿತು. ಸೇವಿಸುವವರ ಬಾಳನ್ನು ತೋರಿಸಿದ್ದು 2016ರ ‘ಉಡ್ತಾ ಪಂಜಾಬ್’. ಆದರೆ ಅದಕ್ಕೆ ಸೆನ್ಸಾರ್ ಮಂಡಳಿ ಹಲವು ಕತ್ತರಿಗಳನ್ನು ಸೂಚಿಸಿತು. ಆ ವರ್ಷದ ಜೂನ್ 13ರಂದು ಮುಂಬಯಿ ಉಚ್ಚ ನ್ಯಾಯಾಲಯವು ಒಂದೇ ಕತ್ತರಿಯೊಡನೆ ಬಿಡುಗಡೆಗೆ ದಾರಿ ಮಾಡಿಕೊಟ್ಟಿತು. ಇನ್ನು ಕಾನೂನಿಗೆ ಇಲ್ಲಿ ಹಾಸ್ಯವಿಲ್ಲ. 1985ರ ಮಾದಕವಸ್ತು ಕಾಯ್ದೆಯಂತೆ 100 ಗ್ರಾಂ ಕೊಕೇನ್ ವಾಣಿಜ್ಯ ಪ್ರಮಾಣದ ಅಳತೆ. ಅದಕ್ಕೆ ಶಿಕ್ಷೆ ಕನಿಷ್ಠ 10 ವರ್ಷಗಳ ಕಠಿಣ ಸೆರೆವಾಸ.

ಆದರೂ ಚಿತ್ರವನ್ನು ಖಂಡಿಸಿ ಕೈತೊಳೆದುಕೊಳ್ಳಲು ನನ್ನ ಮನಸ್ಸು ಒಪ್ಪದು. ಸೇವಿಸುವವನ ಮನೆಯನ್ನು ಮರೆತರೆ ನಗು ಹಗುರವಾಗುತ್ತದೆ. ರೋಗಿಯ ಮನೆಯನ್ನು ಮರೆತರೆ ಖಂಡನೆಯೂ ಹಗುರವಾಗುತ್ತದೆ. ಕೋಕಿಲಾಳ ದಾರಿ ತಪ್ಪು. ಅವಳ ತಾಯಿಯ ನೋವು ಸುಳ್ಳಲ್ಲ. ಮೈಸೂರು ಕಾಗದ ಕಾರ್ಖಾನೆಯ ಯಂತ್ರಗಳು ನಿಂತ ಊರಿನಲ್ಲಿ, ಸಂಬಳವಿಲ್ಲದ ಮನೆಗೆ ದೊಡ್ಡ ರೋಗ ಬಂದರೆ ಏನಾಗುವುದೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಆಹಾರ, ಅಭಯ, ಶಾಸ್ತ್ರಗಳೊಡನೆ ಔಷಧದಾನವನ್ನೂ ಶ್ರಾವಕನ ಕರ್ತವ್ಯವೆಂದು ನಾವು ನಂಬಿದವರು. ಪೂಜೆ, ಅಭಿಷೇಕ, ಜೀರ್ಣೋದ್ಧಾರಗಳಿಗೆ ನಿಧಿ ಕೂಡಿಸುವ ನಮ್ಮ ಬಸದಿಗಳ ಟ್ರಸ್ಟುಗಳು, ರೋಗಿಯ ಮನೆಯವರು ಸಂಕೋಚವಿಲ್ಲದೆ ಬಂದು ಕೇಳಬಹುದಾದ ಒಂದು ಚಿಕಿತ್ಸಾ ನಿಧಿಯನ್ನೂ ತೆರೆದಿಡಬೇಕು. ನಕ್ಕವರಿಗೂ ಖಂಡಿಸಿದವರಿಗೂ ಮಾಡಲು ಉಳಿದಿರುವ ಕೆಲಸ ಅದೊಂದೇ.