ಕಡಲಾಚೆಯ ಗಳಿಕೆ



ಹಿರೇಕೆರೂರು ಭಾಗದ ಭಕ್ತರೊಬ್ಬರು ವಿದೇಶದ ವಿಶ್ವವಿದ್ಯಾಲಯಕ್ಕೆ ಹೊರಟ ಮಗನನ್ನು ಆಶೀರ್ವಾದಕ್ಕಾಗಿ ಶ್ರೀಮಠಕ್ಕೆ ಕರೆತಂದಿದ್ದರು. “ಅಜ್ಜಾರ, ಹೊಲದ ಮ್ಯಾಲ ಸಾಲಾ ತಗದೇನ್ರಿ. ಅಷ್ಟು ದೂರ ಹೋಗಿ ಇಂವಾ ಏನ್ ಗಳಿಸ್ಯಾನ್ರಿ?” ಎಂದು ಕೇಳಿದರು. ನಮಗೆ ಒಡನೆಯೇ ಉತ್ತರ ಹೊಳೆಯಲಿಲ್ಲ. ಆಗ ನೆನಪಿಗೆ ಬಂದವರು ನಮ್ಮ ಸವಣೂರಿನವರೇ ಆದ ವಿನಾಯಕ ಕೃಷ್ಣ ಗೋಕಾಕರು.

1909ರಲ್ಲಿ ಜನಿಸಿದ ಗೋಕಾಕರು ಧಾರವಾಡದಲ್ಲಿ ಓದಿ, ಪುಣೆಯಲ್ಲಿ ಅಧ್ಯಾಪಕರಾಗಿದ್ದು, 1936ರಲ್ಲಿ ಹಡಗನ್ನೇರಿ ಆಕ್ಸ್‌ಫರ್ಡಿಗೆ ತೆರಳಿದರು. ಇಂಗ್ಲಿಷ್ ಸಾಹಿತ್ಯವನ್ನು ಅದರ ತವರಿನಲ್ಲಿಯೇ ಅಭ್ಯಸಿಸಿ ಪ್ರಥಮ ವರ್ಗದಲ್ಲಿ ಉತ್ತೀರ್ಣರಾದರು. ಆದರೆ ಆ ಪಯಣದ ಫಲ ಪದವಿಯೊಂದೇ ಅಲ್ಲ. ಬಯಲುಸೀಮೆಯ ಕವಿಗೆ ಕಡಲು ಕಾವ್ಯವಸ್ತುವಾಯಿತು. ಆ ಯಾನದ ಅನುಭವವು ‘ಸಮುದ್ರ ಗೀತೆಗಳು’ ಆಗಿ ಕನ್ನಡಕ್ಕೆ ದಕ್ಕಿತು. ಮುಂದೆ ಸರ್ಕಾರವು 1980ರಲ್ಲಿ ನೇಮಿಸಿದ ಭಾಷಾ ಸಮಿತಿಯ ಅಧ್ಯಕ್ಷರಾಗಿ, ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು 1981ರಲ್ಲಿ ವರದಿಯಿತ್ತವರು ಈ ಇಂಗ್ಲಿಷ್ ಪ್ರಾಧ್ಯಾಪಕರೇ! ಅನ್ಯಭಾಷೆಯ ಹಿರಿಮೆಯನ್ನು ಅದರ ಮನೆಯಲ್ಲಿಯೇ ಕಂಡವರಿಗೆ ಅದರ ಅಂಜಿಕೆಯೂ ಉಳಿಯದು, ತಾಯ್ನುಡಿಯ ವಿಷಯದಲ್ಲಿ ಕೀಳರಿಮೆಯೂ ಉಳಿಯದು.

ನಾವೂ ಪಾಠಶಾಲೆಯ ಸಂಸ್ಕೃತ ಅಭ್ಯಾಸ ಮುಗಿಸಿ ವಿಶ್ವವಿದ್ಯಾಲಯದ ಮೆಟ್ಟಿಲೇರಿದಾಗ, ಬಾಲ್ಯದಿಂದ ಬಾಯಿಪಾಠವಾಗಿದ್ದ ವಚನಗಳ ಅರ್ಥ ಹೊಸದಾಗಿ ತೆರೆದಿತ್ತು. ದೂರ ಹೋದವನಿಗೇ ಮನೆಯ ಬೆಳಕು ಇಡಿಯಾಗಿ ಕಾಣುವುದು.

ಹುಡುಗನ ಹಣೆಗೆ ವಿಭೂತಿಯಿಟ್ಟು ಹೇಳಿದೆವು: “ತಮ್ಮಾ, ಹೊಲದ ಸಾಲವನ್ನು ನಿನ್ನ ದುಡಿಮೆ ತೀರಿಸಲಿ. ಊರಿನ ಋಣವನ್ನು ಅಲ್ಲಿ ನೀನು ಪಡೆದ ಅರಿವು ತೀರಿಸಲಿ. ಎರಡನ್ನೂ ಮರೆಯಬೇಡ.”

ತಂದೆ ಕಣ್ಣೊರೆಸಿಕೊಂಡರು. ಮಕ್ಕಳನ್ನು ಕಳುಹಿಸುವ ನೀವೂ ಈ ಎರಡು ಲೆಕ್ಕಗಳನ್ನು ಅವರಿಗೆ ತಿಳಿಸಿಯೇ ಕಳುಹಿಸಿರಿ.